ಅಂಬಲಿ ಮೀನಿನ ಅಂದ ನೋಡಿದ್ದೀರಾ?

ಅರೆಕೆರೆ, ಜೆ.ಪಿ. ನಗರ, ಬನಶಂಕರಿ ಕಡೆಯ ಎಷ್ಟೋ ಮನೆಗಳಲ್ಲಿ ಈಗ ಮಗಳ ಬಾಣಂತನವೆಂದರೆ ಕ್ಯಾಲಿಫೋರ್ನಿಯಾ ಪ್ರಯಾಣವೇ! ಸಾರಿನ ಪುಡಿ, ಮೆಂತ್ಯದ ಹಿಟ್ಟು ಕಟ್ಟಿಕೊಂಡು ಹೊರಟ ನಿಮ್ಮನ್ನು ಅಳಿಯಂದಿರು ಒಂದು ಭಾನುವಾರ "ಎಲ್ಲಿಗೆ ಹೋಗೋಣ ಅತ್ತೆ?" ಎಂದು ಕೇಳಿದರೆ, ಸಂಕೋಚಪಡದೆ "ಮಾಂಟೆರೆಗೆ" ಅಂದುಬಿಡಿ. ಸ್ಯಾನ್ ಹೋಸೆಯಿಂದ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ನಮ್ಮ ಬೂತಾಯಿಯ ನೆಂಟನಾದ ಸಾರ್ಡೀನ್ ಮೀನನ್ನು ಡಬ್ಬಿಗೆ ತುಂಬುತ್ತಿದ್ದ ಹಳೆಯ ಕಾರ್ಖಾನೆಯ ಜಾಗದಲ್ಲಿ 1984ರಲ್ಲಿ ತೆರೆದ ಮತ್ಸ್ಯಾಲಯ ಅಲ್ಲಿದೆ. ನೋಡುವುದು ಬೇಕಾದಷ್ಟಿದೆ. ಕಾಲು ಸೋಲುವ ಮುಂಚೆ ಅಂಬಲಿ ಮೀನುಗಳ ಬಳಿಗೆ ಹೋಗಿ.

ಹೆಸರಿಗಷ್ಟೇ ಮೀನು. ಮೂಳೆಯಿಲ್ಲ, ಹೃದಯವಿಲ್ಲ, ಮಿದುಳೂ ಇಲ್ಲ. ಮೈಯಲ್ಲಿ ನೂರಕ್ಕೆ 95 ಪಾಲು ನೀರೇ. ಆದರೂ ಈ ವಂಶ 50 ಕೋಟಿ ವರ್ಷಗಳಿಂದ ಬಾಳಿಕೊಂಡು ಬಂದಿದೆ ಅಂದ್ರೆ ನಂಬ್ತೀರಾ?

ಚಂದ್ರ ಜೆಲ್ಲಿ ತಟ್ಟೆಯಲ್ಲಿ ನಡುಗುವ ಹಾಲುಬಾಯಿಯಂತೆ. ನೆತ್ತಿಯ ಮೇಲೆ ಕಾಣುವ ನಾಲ್ಕು ಲಾಳದಾಕಾರದ ಗುರುತುಗಳು ಅಲಂಕಾರವಲ್ಲ, ಸಂತಾನದ ಅಂಗಗಳು. ಇವನ್ನು ಸಾಕುವುದು ಎಳೆಮಗುವಿನ ಆರೈಕೆಗಿಂತ ಕಡಿಮೆಯಲ್ಲ. ತೊಟ್ಟಿಗೆ ಮೂಲೆಯಿದ್ದರೆ ಅಲ್ಲೇ ಸಿಕ್ಕಿ ಮೈ ಹರಿದುಕೊಳ್ಳುತ್ತವೆ. ಗಾಳಿಯ ಗುಳ್ಳೆ ಹೊಕ್ಕರೂ ಗಾಯವೇ. ಅದಕ್ಕೇ ದುಂಡನೆಯ ತೊಟ್ಟಿಯಲ್ಲಿ ನೀರನ್ನು ಮೆಲ್ಲಗೆ ಸುತ್ತಿಸುತ್ತಿರುತ್ತಾರೆ. ಇಂಥ ತೊಟ್ಟಿಯ ಜರ್ಮನ್ ಹೆಸರಿನ ಅರ್ಥ 'ಬುಗುರಿ'!

ಪಕ್ಕದ ಕಿತ್ತಳೆ ಬಣ್ಣದವಳು ಸಮುದ್ರದ ತುರುಚೆ. ನಡುವೆ ಇಳಿಬಿದ್ದ ನೆರಿಗೆಗಳು ಆಹಾರವನ್ನು ಬಾಯಿಗೆ ಸಾಗಿಸುವ ತೋಳುಗಳು. ಅಂಚಿನ ನೂಲಿನಂಥವು ಕುಟುಕುವ ಎಳೆಗಳು. ರೇಷ್ಮೆ ಸೀರೆ ಉಟ್ಟು ಸೂಜಿ ಬಚ್ಚಿಟ್ಟುಕೊಂಡ ಹಾಗೆ!

ನನ್ನ ಕೇಳಿದರೆ ಚೆಲುವಿನಲ್ಲಿ ಮೊದಲ ಬಹುಮಾನ 2022ರಲ್ಲಿ ತೆರೆದ ಆಳಸಮುದ್ರದ ವಿಭಾಗದ ಕೆಂಪು ಹೊಟ್ಟೆಯ ಬಾಚಣಿಗೆ ಜೆಲ್ಲಿಗೆ. ಮೈಯ ಎಂಟು ಸಾಲು ರೋಮಗಳು ಮಿಡಿದಾಗ ಬೆಳಕು ಚದುರಿ ಕಾಮನಬಿಲ್ಲು ಹರಿದಾಡುತ್ತದೆ. ಕೆಂಪು ಬೆಳಕು ಕಡಲಾಳಕ್ಕೆ ಇಳಿಯದ್ದರಿಂದ ಅಲ್ಲಿ ಈ ಕೆಂಪು ಮೈ ಕಪ್ಪಾಗಿ ಮರೆಯಾಗುತ್ತದೆ. ನಿಜ ಹೇಳಬೇಕೆಂದರೆ ಇದು ಬೇರೆಯೇ ಕುಲ, ಕುಟುಕುವುದಿಲ್ಲ.

ಅಷ್ಟು ದೂರ ಯಾಕೆ, ಅಂಬಲಿ ಮೀನು ನಮ್ಮ ಕಾರವಾರ, ಮುರ್ಡೇಶ್ವರ, ಮಲ್ಪೆಯ ಕಡಲಲ್ಲೂ ಇದೆ. ಆದರೆ ಅಲ್ಲಿ ನಡುವೆ ಗಾಜಿಲ್ಲ! ರಜೆಗೆ ಮಕ್ಕಳನ್ನು ಕರೆದೊಯ್ಯುವ ತಾಯಂದಿರು ಇದನ್ನು ತಿಳಿದಿರಬೇಕು. ಕುಟುಕಿದ ಜಾಗಕ್ಕೆ ಮರಳು ಉಜ್ಜಬೇಡಿ, ಕೈಯಿಂದ ತಿಕ್ಕಬೇಡಿ, ಕುಡಿಯುವ ನೀರಿನಿಂದಲೂ ತೊಳೆಯಬೇಡಿ. ಹಾಗೆ ಮಾಡಿದರೆ ಅಂಟಿಕೊಂಡ ಎಳೆಗಳಿಂದ ಇನ್ನಷ್ಟು ವಿಷ ಹೊರಬರಬಹುದು. ಸಮುದ್ರದ ನೀರನ್ನೇ ಸುರಿದು, ಎಳೆಗಳನ್ನು ಚಿಮಟದಿಂದ ಬಿಡಿಸಿ. ಆಮೇಲೆ ಸುಡದಷ್ಟು ಬಿಸಿಯಾದ ನೀರಿನಲ್ಲಿ 20 ನಿಮಿಷವಾದರೂ ಅದ್ದಿಡಿ. ಬಿಸಿಯನ್ನು ಮೊದಲು ನಿಮ್ಮ ಕೈಯಲ್ಲಿ ನೋಡಿಕೊಳ್ಳಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಮುಖ ಊದಿದರೆ, ಕಣ್ಣಿಗೆ ತಗುಲಿದ್ದರೆ ಮನೆಮದ್ದು ಬೇಡ, ನೇರ ಆಸ್ಪತ್ರೆಗೆ. ಇನ್ನೊಂದು ಮಾತು: ದಡದಲ್ಲಿ ಸತ್ತು ಬಿದ್ದದ್ದನ್ನೂ ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ, ಅದೂ ಕುಟುಕುತ್ತೆ ಕಣ್ರೀ!