ಧ್ವನಿಪೆಟ್ಟಿಗೆಯ ಸಂವೇದನಾ ನರತುದಿಗಳು

ಧ್ವನಿಪೆಟ್ಟಿಗೆಯ ಒಳಗೋಡೆಯನ್ನು ಹೊದಿಸಿರುವ ಲೋಳೆಪೊರೆಯಲ್ಲಿ ಹರಡಿಕೊಂಡಿರುವ ಸೂಕ್ಷ್ಮ ನರಾಗ್ರಗಳನ್ನು ಧ್ವನಿಪೆಟ್ಟಿಗೆಯ ಸಂವೇದನಾ ನರತುದಿಗಳು ಎನ್ನುತ್ತಾರೆ. ಆಹಾರ, ನೀರು ಮುಂತಾದವು ಶ್ವಾಸಮಾರ್ಗವನ್ನು ಪ್ರವೇಶಿಸದಂತೆ ಕಾಯುವುದು ಇವುಗಳ ಮುಖ್ಯ ಕಾರ್ಯ.

ನರ ಸಂಪರ್ಕ

ಎಪಿಗ್ಲಾಟಿಸ್ ಎಂಬ ಮುಚ್ಚಳದ ಹಿಂಬದಿಯಲ್ಲಿ ಈ ನರತುದಿಗಳು ದಟ್ಟವಾಗಿವೆ. ಧ್ವನಿತಂತುಗಳ ಮೇಲ್ಭಾಗದ ಸಂವೇದನೆಯನ್ನು ಮೇಲಿನ ಲ್ಯಾರಿಂಜಿಯಲ್ ನರದ ಒಳಕವಲೂ ಕೆಳಭಾಗದ ಸಂವೇದನೆಯನ್ನು ಹಿಮ್ಮರಳುವ ಲ್ಯಾರಿಂಜಿಯಲ್ ನರವೂ ಒಯ್ಯುತ್ತವೆ. ಇವೆರಡೂ 10ನೆಯ ಕಪಾಲ ನರವಾದ ವೇಗಸ್‌ನ ಕವಲುಗಳು.

ಕಾರ್ಯ

ಸ್ಪರ್ಶ, ಒತ್ತಡ ಅಥವಾ ರಾಸಾಯನಿಕಗಳಿಂದ ಪ್ರಚೋದನೆಗೊಂಡಾಗ ಸಂದೇಶವು ಮಿದುಳಿನ ಬುಡದ ಮೆಡುಲ್ಲಾವನ್ನು ತಲುಪುತ್ತದೆ. ಕೂಡಲೇ ಧ್ವನಿತಂತುಗಳು ಮುಚ್ಚಿಕೊಳ್ಳುತ್ತವೆ. ನುಂಗುವಿಕೆ ಇಲ್ಲವೆ ಕೆಮ್ಮು ಉಂಟಾಗುತ್ತದೆ. ಕುಂದಗೋಳ ತಾಲ್ಲೂಕಿನ ಗುಡಗೇರಿಯಂತಹ ಊರಿನಲ್ಲಿ ಒಂದು ಮನೆಯವರು ಒಣಮೆಣಸಿನಕಾಯಿ ಹುರಿದರೆ ನೆರೆಮನೆಯವರೂ ಕೆಮ್ಮುವುದುಂಟು. ಆ ಘಾಟಿನಲ್ಲಿರುವ ಕ್ಯಾಪ್ಸೈಸಿನ್, ಧ್ವನಿಪೆಟ್ಟಿಗೆ ಹಾಗೂ ಶ್ವಾಸನಾಳದ ನರತುದಿಗಳಲ್ಲಿರುವ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು ಕೆರಳಿಸುವುದೇ ಇದಕ್ಕೆ ಕಾರಣ. ಈ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ತಂಡದ ಮುಖ್ಯಸ್ಥ ಡೇವಿಡ್ ಜೂಲಿಯಸ್ 2021ರ ನೊಬೆಲ್ ವೈದ್ಯಕೀಯ ಪ್ರಶಸ್ತಿಯನ್ನು ಹಂಚಿಕೊಂಡರು.

ಸಂವೇದನೆ ಕುಂದಿದಾಗ

ಪಾರ್ಶ್ವವಾಯು ಪೀಡಿತರಲ್ಲಿ ಈ ಸಂವೇದನೆ ಕುಂದಬಹುದು. ಆಗ ನೀರು, ಗಂಜಿ ಮುಂತಾದವು ಕೆಮ್ಮು ಬರಿಸದೆಯೇ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಉಂಟಾಗುವ ಅಪಾಯವಿದೆ. ಆದುದರಿಂದ ರೋಗಿ ಕೆಮ್ಮಲಿಲ್ಲವೆಂದ ಮಾತ್ರಕ್ಕೆ ಸರಿಯಾಗಿ ನುಂಗಿದನೆಂದು ತಿಳಿಯಲಾಗದು. ಬಾಯಿಗೆ ಆಹಾರ ಕೊಡುವ ಮುನ್ನ ನುಂಗುವ ಶಕ್ತಿಯ ಪರೀಕ್ಷೆ ಅಗತ್ಯ. ಗಂಟಲಿಗೆ ಅರಿವಳಿಕೆ ಸಿಂಪಡಿಸಿ ತಪಾಸಣೆ ಮಾಡಿದ ಬಳಿಕ ಸ್ವಲ್ಪ ಹೊತ್ತು ಏನನ್ನೂ ಸೇವಿಸಬಾರದೆಂದು ವೈದ್ಯರು ಸೂಚಿಸುವುದೂ ಇದೇ ಕಾರಣಕ್ಕೆ.