ಗಣಿಯ ಲೆಕ್ಕ ಕೊನೆಯ ದಿನದಿಂದ ಶುರುವಾಗಲಿ

ಸಕ್ಕರೆ ಕಾರ್ಖಾನೆಗೆ ಮುಂದಿನ ವರ್ಷವೂ ಕಬ್ಬು ಬರುತ್ತದೆ. ಅಗೆದ ಬೆಟ್ಟ ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ಯಾವ ಕಡೆಯಿಂದ ಅಗೆಯಬೇಕು, ವರ್ಷಕ್ಕೆ ಎಷ್ಟು ತೆಗೆಯಬೇಕು, ಯಾವ ಕಲ್ಲನ್ನು ಅದಿರೆಂದು ಕರೆದು ಯಾವುದನ್ನು ಗುಡ್ಡೆ ಹಾಕಬೇಕು ಎಂಬ ತೀರ್ಮಾನಗಳ ಮೇಲೆ ಗಣಿಯ ಜೊತೆಗೆ ಅದನ್ನು ನಂಬಿದ ಇಡೀ ಊರಿನ ಆಯುಸ್ಸೂ ನಿಂತಿರುತ್ತದೆ. ಲೋಹದ ಅಂಶ ಇಷ್ಟಕ್ಕಿಂತ ಕಡಿಮೆಯಿದ್ದರೆ ಆ ಕಲ್ಲನ್ನು ಸಂಸ್ಕರಿಸುವುದು ನಷ್ಟ ಎಂದು ಎಳೆಯುವ ಗೆರೆಗೆ ಗಣಿಯವರು 'ಕಟ್-ಆಫ್ ಗ್ರೇಡ್' ಎನ್ನುತ್ತಾರೆ. ಬೆಲೆ ಏರಿದರೆ ನಿನ್ನೆಯ ಕಸ ಇಂದು ಅದಿರಾಗುತ್ತದೆ, ಇಳಿದರೆ ಅದಿರೇ ಕಸವಾಗುತ್ತದೆ. ಗಣಿಯ ಆಯುಸ್ಸಿನುದ್ದಕ್ಕೂ ಈ ಗೆರೆ ಒಂದೇ ಆಗಿರಬೇಕಿಲ್ಲ, ಮೊದಲು ಸಾಂದ್ರವಾದ ಅದಿರು ತೆಗೆದು ಬರಬರುತ್ತಾ ಗೆರೆ ಇಳಿಸಿದರೆ ಲಾಭದ ಇಂದಿನ ಮೌಲ್ಯ ಹೆಚ್ಚು ಎಂದು ಗಣಿ ಲೆಕ್ಕಾಚಾರದ ತಜ್ಞ ಕೆನ್ನೆತ್ ಲೇನ್ 1964ರಲ್ಲಿ ಗಣಿತದ ಮೂಲಕ ತೋರಿಸಿದರು. ಗಣಿ ಯೋಜನೆಯ ಇಂದಿನ ಲೆಕ್ಕಾಚಾರ ಬಹುಮಟ್ಟಿಗೆ ಇದೇ ದಾರಿಯಲ್ಲಿದೆ. ಆ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಅದು ಒಂದನ್ನು ಕಾಣದಂತೆ ಮಾಡುತ್ತದೆ. ನಾಳೆಯ ರೂಪಾಯಿಗಿಂತ ಇಂದಿನ ರೂಪಾಯಿ ದೊಡ್ಡದು ಎಂಬ ನಿಯಮದಂತೆ ವರ್ಷಕ್ಕೆ ಶೇಕಡ 10ರಂತೆ ಕಳೆಯುತ್ತ ಬಂದರೆ, 30 ವರ್ಷಗಳ ನಂತರ ಗಣಿ ಮುಚ್ಚಲು ಬೇಕಾಗುವ 100 ಕೋಟಿ ರೂಪಾಯಿ ಇಂದಿನ ಕಾಗದದ ಮೇಲೆ 6 ಕೋಟಿಗೂ ಕಡಿಮೆ! ಕೊನೆಯ ದಿನದ ಖರ್ಚು ಹೀಗೆ ಮೊದಲ ದಿನವೇ ಮರೆಗೆ ಸರಿಯುತ್ತದೆ.

ದೂರ ಯೋಚಿಸುವ ಶಕ್ತಿ ನಮ್ಮ ಗಣಿಗಳಿಗೆ ಇರಲಿಲ್ಲ ಎನ್ನಲಾಗದು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿಗಳಿಗೆ ಕಾಲಿಟ್ಟ ಮೇಲೆ ನಡೆದ ಕೆಲಸಗಳನ್ನು ನೋಡಿ. ಗಣಿಯ ಯಂತ್ರಗಳಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿಯಿತು. ಅಲ್ಲಿನ ಚಾಂಪಿಯನ್ ರೀಫ್ ಗಣಿ ನೆಲದಡಿ 3 ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಅಷ್ಟು ಆಳದ ಶಾಖವನ್ನೂ ಒತ್ತಡಕ್ಕೆ ಸಿಡಿಯುವ ಬಂಡೆಯನ್ನೂ ನಿಭಾಯಿಸಲು ದಶಕಗಳ ಮುನ್ನೋಟ ಬೇಕಾಗಿತ್ತು, ಅದು ಅವರಲ್ಲಿತ್ತು. ಆರಂಭದಲ್ಲಿ ಒಂದು ಟನ್ ಕಲ್ಲಿಗೆ 40 ಗ್ರಾಂ ಮೀರಿ ಸಿಗುತ್ತಿದ್ದ ಚಿನ್ನ ಕೊನೆಕೊನೆಗೆ ಮೂರು-ನಾಲ್ಕು ಗ್ರಾಮಿಗೆ ಇಳಿಯಿತು. ಇಳಿತ ರಾತ್ರೋರಾತ್ರಿ ಆದದ್ದಲ್ಲ. ವರ್ಷವರ್ಷದ ದಾಖಲೆಯಲ್ಲಿ ಕಣ್ಣಿಗೆ ಕಾಣುತ್ತಲೇ ಇತ್ತು. ಅಂತ್ಯ ಗೊತ್ತಿದ್ದೂ ಅದಕ್ಕೆ ಸಿದ್ಧತೆಯಾಗಲಿಲ್ಲ. 1960ರ ದಶಕದಲ್ಲಿ ಭಾರಿ ಯಂತ್ರಗಳ ಬೆಮೆಲ್ ಕಾರ್ಖಾನೆ ಅಲ್ಲಿಗೆ ಬಂದದ್ದು ಊರಿಗೆ ದೊಡ್ಡ ಆಸರೆ ನಿಜ, ಆದರೆ ಒಂದೇ ಆಸರೆ ಇಡೀ ಊರಿಗೆ ಸಾಲಲಿಲ್ಲ. 2001ರ ಫೆಬ್ರವರಿ 28ರಂದು ಗಣಿಯನ್ನು ಕೊನೆಗೆ ನಡೆಸುತ್ತಿದ್ದ ಸರ್ಕಾರಿ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದಾಗ ಕಾರ್ಮಿಕ ಕುಟುಂಬಗಳಿಗೆ ಉಳಿದದ್ದು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗುವ ದಿನನಿತ್ಯದ ರೈಲು, ಮತ್ತು ಗಾಳಿಗೆ ದೂಳೆಬ್ಬಿಸುವ ಸೈನೈಡ್ ಗುಡ್ಡಗಳು. 13 ಗುಡ್ಡಗಳಲ್ಲಿ ಸುಮಾರು 3.3 ಕೋಟಿ ಟನ್ ತ್ಯಾಜ್ಯವಿದೆ. ಅದರಲ್ಲಿ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿದ್ದು 2024ರಲ್ಲಿ, ಗಣಿ ಮುಚ್ಚಿ ಎರಡು ದಶಕ ದಾಟಿದ ಮೇಲೆ. ಆ ದೂಳಿನ ಖರ್ಚನ್ನು ಅಷ್ಟೂ ವರ್ಷ ಭರಿಸಿದವರು ಊರಿನವರು.

ಮೂವತ್ತು ವರ್ಷಗಳಾಚೆಯ ಬೆಲೆ, ಯುದ್ಧ, ರಾಜಕೀಯ ಯಾರಿಗೆ ಗೊತ್ತು, ದೀರ್ಘ ಯೋಜನೆ ಬರೀ ಕಾಗದ ಎಂಬ ಆಕ್ಷೇಪವಿದೆ. ಇದಕ್ಕೆ ಕುದುರೆಮುಖದ ಕಬ್ಬಿಣದ ಅದಿರಿನ ಗಣಿಯನ್ನೇ ಸಾಕ್ಷಿಯಾಗಿ ಮುಂದಿಡಬಹುದು. ಇರಾನಿನ ಸಾಲ, ಇರಾನೇ ಗಿರಾಕಿ ಎಂಬ ಒಪ್ಪಂದದ ಮೇಲೆ 1976ರಲ್ಲಿ ಕಂಪನಿ ಹುಟ್ಟಿತು. 1979ರ ಕ್ರಾಂತಿಯಲ್ಲಿ ಆ ಗಿರಾಕಿಯೇ ಇಲ್ಲವಾದ. ಆದರೂ ಕಂಪನಿ ಮುಳುಗಲಿಲ್ಲ. ಬೇರೆ ಮಾರುಕಟ್ಟೆ ಹುಡುಕಿತು, ಮಂಗಳೂರಿನಲ್ಲಿ ಪೆಲೆಟ್ ಘಟಕ ಕಟ್ಟಿತು, ಘಟ್ಟದಿಂದ 67 ಕಿಲೋಮೀಟರ್ ಕೊಳವೆಯಲ್ಲಿ ಅದಿರಿನ ರಾಡಿಯನ್ನು ಬಂದರಿಗೆ ಇಳಿಸಿತು. ದಾರಿ ಬದಲಿಸಲು ಜಾಗವಿಟ್ಟುಕೊಂಡ ಯೋಜನೆಗೆ ಅನಿರೀಕ್ಷಿತವನ್ನೂ ತಾಳಿಕೊಳ್ಳಬಲ್ಲ ಶಕ್ತಿ ಇರುತ್ತದೆ. ಕುದುರೆಮುಖ ಎಡವಿದ್ದು ಮೊದಲೇ ಗೊತ್ತಿದ್ದ ವಿಷಯದಲ್ಲಿ. ಗುತ್ತಿಗೆ 1999ಕ್ಕೆ ಮುಗಿಯುವುದು ದಾಖಲೆಯಲ್ಲೇ ಇತ್ತು. ಸುತ್ತಲಿನ ಕಾಡನ್ನು ರಾಷ್ಟ್ರೀಯ ಉದ್ಯಾನವಾಗಿಸುವ ಅಧಿಸೂಚನೆ 1987ರಲ್ಲೇ ಹೊರಟಿತ್ತು. ಭದ್ರೆಗೆ ಹೂಳು ಸೇರುವ ದೂರು ಹಳೆಯದು. ಇಷ್ಟಿದ್ದೂ ಗುತ್ತಿಗೆ ನವೀಕರಣವಾಗುತ್ತದೆ ಎಂಬ ನಂಬಿಕೆಯಲ್ಲೇ ಕಾಲ ಕಳೆಯಿತು. ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪಿತ್ತು, 2005ರ ಕೊನೆಗೆ ಗಣಿಗಾರಿಕೆ ನಿಂತಿತು, ಅಚ್ಚುಕಟ್ಟಾದ ಟೌನ್‌ಶಿಪ್ ಬರಿದಾಯಿತು. ಭವಿಷ್ಯ ತಿಳಿಯದು ಎಂಬ ನೆಪ ಇಲ್ಲಿ ನಿಲ್ಲುವುದಿಲ್ಲ.

ಬಳ್ಳಾರಿಯ ಕಬ್ಬಿಣದ ಗಣಿಗಳದು ಇದಕ್ಕೆ ತದ್ವಿರುದ್ಧ ಕಥೆ. ಅಲ್ಲಿ ಯೋಜನೆಯನ್ನು ಬರೆದದ್ದೇ ಚೀನಾದ ಬೇಡಿಕೆ. ಬೆಲೆ ಏರಿದಷ್ಟೂ ಅಗೆತ, ಗುತ್ತಿಗೆಯ ಗಡಿ ಮೀರಿ ಅಗೆತ, ದೂಳು ಕುಡಿದ ಹೊಲಗಳ ನಡುವೆ ಲಾರಿಗಳ ಸಾಲು. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಗಣಿಗಳನ್ನು ನಿಲ್ಲಿಸಿತು. ಆಮೇಲೆ ಆದದ್ದು ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯ: ಅಕ್ರಮದ ಪ್ರಮಾಣ ನೋಡಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು, ಮತ್ತೆ ತೆರೆಯುವ ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಕಡ್ಡಾಯವಾಯಿತು, ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ-ತುಮಕೂರಿಗೆ 50 ಲಕ್ಷ ಟನ್ ಎಂದು ಮಿತಿ ಬಿತ್ತು. ಉಕ್ಕಿನ ಕಾರ್ಖಾನೆಗಳು ಅದಿರಿಲ್ಲದೆ ಒದ್ದಾಡಿದವು, ಲಾರಿ ನಂಬಿದವರು ಸಾಲಕ್ಕೆ ಸಿಕ್ಕಿದರು ಎಂಬ ಟೀಕೆಯಲ್ಲಿ ಸತ್ಯವಿದೆ. ಆದರೆ ಅದು ಮಿತಿಯ ತಪ್ಪಲ್ಲ, ಮಿತಿಯನ್ನು ಮೊದಲೇ ಹಾಕಿಕೊಳ್ಳದ್ದರ ಫಲ. ಆರಂಭದಿಂದಲೇ ವರ್ಷದ ಪ್ರಮಾಣ ನಿಗದಿಯಾಗಿದ್ದರೆ ಅಷ್ಟೊಂದು ಲಾರಿಗಳನ್ನು ಯಾರೂ ಸಾಲ ಮಾಡಿ ಕೊಳ್ಳುತ್ತಿರಲಿಲ್ಲ. ಮಿತಿ ಕಲ್ಲಿನ ಮೇಲಿನ ಗೆರೆಯೂ ಅಲ್ಲ. 2022ರಲ್ಲಿ ಕೋರ್ಟೇ ಅದನ್ನು ಏರಿಸಿತು.

ಇನ್ನು ಹಣದ ಮಾತು. ಗಣಿ ಮುಚ್ಚುವ ಯೋಜನೆ 2003ರಿಂದ ನಿಯಮದಲ್ಲಿದೆ. ಗಣಿ ಕಾಯ್ದೆಯ 2015ರ ತಿದ್ದುಪಡಿ ಗುತ್ತಿಗೆಗಳನ್ನು ಹರಾಜಿಗೆ ತಂದು 50 ವರ್ಷದ ಅವಧಿ ಕೊಟ್ಟಿತು, ಗಣಿಯಿಂದ ಬಾಧಿತರಾದವರಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನವನ್ನೂ ತಂದಿತು. ಆದರೆ ಮುಚ್ಚುವಿಕೆಗೆ ಗಣಿಯವರು ಕೊಡಬೇಕಾದ ಭದ್ರತಾ ಖಾತರಿ ಲೆಕ್ಕವಾಗುವುದು ಹೆಕ್ಟೇರಿಗೆ ಇಷ್ಟು ಎಂದು. ತ್ಯಾಜ್ಯದ ಗುಡ್ಡ ಎಷ್ಟು ಎತ್ತರ, ಕೆಳಗೆ ಯಾರ ಕೆರೆಯಿದೆ, ಎಷ್ಟು ಮನೆಗಳು ಆ ಕೂಲಿಯನ್ನು ನಂಬಿವೆ ಎಂಬುದನ್ನು ಹೆಕ್ಟೇರು ಹೇಳುವುದಿಲ್ಲ. ತೆಗೆದ ಪ್ರತಿ ಟನ್ನಿಗೆ ಇಷ್ಟು ಎಂದು ಮುಚ್ಚುವ ನಿಧಿಗೆ ಕಟ್ಟಿಸಿ, ಗಣಿ ಯೋಜನೆ ಪರಿಶೀಲನೆಗೆ ಬರುವ ಐದೈದು ವರ್ಷಕ್ಕೊಮ್ಮೆ ಮುಚ್ಚುವ ಖರ್ಚನ್ನೂ ಹೊಸದಾಗಿ ಅಂದಾಜು ಮಾಡಬೇಕು. ಇದರಿಂದ ಅದಿರು ತುಟ್ಟಿಯಾಗುತ್ತದೆ ಎನ್ನುವವರಿದ್ದಾರೆ. ತುಟ್ಟಿಯಾಗುವುದು ನಿಜ, ಈಗ ಊರಿನವರು ಕಟ್ಟುತ್ತಿರುವ ಪಾಲು ಅದಿರಿನ ಬೆಲೆಯೊಳಗೆ ಬರುತ್ತದೆ. ಮುಚ್ಚುವ ಖರ್ಚಿನ ಅಂದಾಜಿನ ಪ್ರತಿ ಕನ್ನಡದಲ್ಲಿ ಗ್ರಾಮ ಪಂಚಾಯಿತಿ ಕಚೇರಿಯಲ್ಲಿರಬೇಕು, ಹರಾಜು ಕೂಗುವ ಮೊದಲೇ.