ಹೊಟ್ಟೆಯ ಸಿ.ಟಿ. ಸ್ಕ್ಯಾನ್: ನೋಡುವುದಕ್ಕೂ ಒಂದು ಕ್ರಮ

ಹಿರಿಯೂರಿನ ಬಳಿ ಹೆದ್ದಾರಿಯಲ್ಲಿ ಒಂದು ಅಪಘಾತವಾಗಿದೆ ಎಂದು ಭಾವಿಸಿ. ಗಾಯಾಳುವಿನ ಹೊಟ್ಟೆಯ ಮೇಲೆ ಗೀರೂ ಇಲ್ಲ. ಆದರೆ ಒಳಗೆ ರಕ್ತ ಸೋರುತ್ತಿರಬಹುದು. ಇಂಥ ವೇಳೆಯಲ್ಲಿ ವೈದ್ಯರಿಗೆ ನೆರವಾಗುವುದು ಸಿ.ಟಿ. ಸ್ಕ್ಯಾನ್.

ಈ ಯಂತ್ರವನ್ನು ರೂಪಿಸಿದವರು ಇಂಗ್ಲೆಂಡಿನ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳನ್ನು ಇದರಿಂದ ಪರೀಕ್ಷಿಸಲಾಯಿತು. 1979ರಲ್ಲಿ ಹೌನ್ಸ್‌ಫೀಲ್ಡ್ ಮತ್ತು ಅಲನ್ ಕಾರ್ಮ್ಯಾಕ್ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ದೇಹದ ಸುತ್ತಲಿಂದ ಹಾಯುವ ಕ್ಷ-ಕಿರಣಗಳನ್ನು ಅಳೆದು, ಗಣಕಯಂತ್ರವು ದೇಹದ ಅಡ್ಡಸೀಳಿನ ಚಿತ್ರಗಳನ್ನು ಕಟ್ಟುತ್ತದೆ. ಚಿತ್ರದ ಪ್ರತಿ ಬಿಂದುವಿಗೂ ಒಂದು ಸಂಖ್ಯೆಯುಂಟು. ನೀರಿಗೆ 0, ಗಾಳಿಗೆ -1000, ಕೊಬ್ಬಿಗೆ ಸುಮಾರು -100. ಹೆಪ್ಪುಗಟ್ಟಿದ ರಕ್ತಕ್ಕೆ ಸುಮಾರು 45ರಿಂದ 70. ಹೊಟ್ಟೆಯಲ್ಲಿ ಕಂಡ ದ್ರವ ನೀರಿನಂಥದೋ ರಕ್ತವೋ ಎಂಬ ಸುಳಿವು ಹೀಗೆ ಸಿಗುತ್ತದೆ.

ಒಂದು ಪರೀಕ್ಷೆಯಲ್ಲಿ ನೂರಾರು ಚಿತ್ರಗಳು ಬರುತ್ತವೆ. ಆದ್ದರಿಂದ ನೋಡಲು ಕ್ರಮ ಬೇಕು. ತಜ್ಞರು ಮೊದಲು ರೋಗಿಯ ಹೆಸರು, ದಿನಾಂಕ, ಪರೀಕ್ಷೆಯ ಕಾರಣ, ಹಳೆಯ ಚಿತ್ರಗಳನ್ನು ಗಮನಿಸುತ್ತಾರೆ. ಬಳಿಕ ಯಕೃತ್ತು, ಪಿತ್ತಕೋಶ, ಗುಲ್ಮ, ಮೇದೋಜೀರಕ ಗ್ರಂಥಿ, ಅಡ್ರಿನಲ್ ಗ್ರಂಥಿಗಳು, ಮೂತ್ರಪಿಂಡ. ಆಮೇಲೆ ಜಠರದಿಂದ ಗುದನಾಳದವರೆಗೆ ಕರುಳು. ರಕ್ತನಾಳ, ದುಗ್ಧಗ್ರಂಥಿ, ಮೂತ್ರಕೋಶ. ಕೊನೆಗೆ ಬೆನ್ನುಮೂಳೆ, ಸೊಂಟದ ಮೂಳೆ ಮತ್ತು ಶ್ವಾಸಕೋಶದ ತಳಭಾಗ. ಮೂಳೆಯ ಬಿರುಕು, ಕರುಳು ಒಡೆದು ಹೊರಬಂದ ಗಾಳಿ ಮುಂತಾದವು ಕಾಣಲು ಚಿತ್ರದ ಕಪ್ಪು-ಬಿಳುಪಿನ ಹದವನ್ನೂ ಬದಲಿಸಿ ನೋಡಬೇಕು.

ಇಷ್ಟೆಲ್ಲ ಏಕೆ? ಒಂದು ದೋಷ ಸಿಕ್ಕೊಡನೆ ಹುಡುಕಾಟ ಸಡಿಲವಾಗುವುದು ಮನುಷ್ಯ ಸ್ವಭಾವ. ಗುಲ್ಮ ಸೀಳಿರುವುದು ಕಣ್ಣಿಗೆ ಬಿದ್ದಾಗ, ಕರುಳಿನ ಸಣ್ಣ ತೂತು ತಪ್ಪಿಹೋಗಬಹುದು. ಅದೇ ಪ್ರಾಣಕ್ಕೆ ಎರವಾಗಬಹುದು. ಒನಕೆ ಓಬವ್ವನ ಕಥೆ ನಿಮಗೆ ಗೊತ್ತು. ಚಿತ್ರದುರ್ಗದ ಕೋಟೆಗೆ ಶತ್ರು ನುಗ್ಗಲು ನೋಡಿದ್ದು ಹೆಬ್ಬಾಗಿಲಿನಿಂದಲ್ಲ, ಕಿಂಡಿಯಿಂದ!

ವರದಿ ಬರೆಯುವುದೂ ಹೀಗೆಯೇ. ಕಂಡದ್ದನ್ನು ಅಂಗವಾರು ಬರೆದು, ಗಡ್ಡೆಯಿದ್ದರೆ ಅಳತೆ ಕೊಟ್ಟು, ಕೊನೆಗೆ ವೈದ್ಯರು ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಡಬೇಕು. ಅಪಾಯದ ಸಂಗತಿಯಾದರೆ ಕಾಗದ ತಲುಪುವವರೆಗೆ ಕಾಯದೆ ದೂರವಾಣಿಯಲ್ಲೇ ತಿಳಿಸಬೇಕು. ಇಂದು ಹೊಸದುರ್ಗ, ಹೊಳಲ್ಕೆರೆಯವರ ಚಿತ್ರವನ್ನು ಬೇರೆ ಊರಿನ ತಜ್ಞರು ಕುಳಿತಲ್ಲೇ ಓದಬಹುದು. 2002ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಟೆಲಿರೇಡಿಯಾಲಜಿ ಸಲ್ಯೂಷನ್ಸ್ ಸಂಸ್ಥೆ ಅಮೆರಿಕದ ಆಸ್ಪತ್ರೆಗಳ ಚಿತ್ರಗಳನ್ನೂ ಓದಿದೆ. ರೋಗಿಯನ್ನು ಕಾಣದ ತಜ್ಞರಿಗೆ ಕಳುಹಿಸಿದವರ ಟಿಪ್ಪಣಿಯೇ ಆಧಾರ.

ನಿಮ್ಮ ಮನೆಯವರಿಗೆ ಸ್ಕ್ಯಾನ್ ಆಗುವುದಿದ್ದರೆ ಹಳೆಯ ಫಿಲ್ಮು, ವರದಿಗಳನ್ನು ಜೊತೆಗೆ ಒಯ್ಯಿರಿ. ಮೂತ್ರಪಿಂಡದ ತೊಂದರೆ, ಔಷಧಿಯ ಅಲರ್ಜಿ, ಗರ್ಭಧಾರಣೆ ಇದ್ದರೆ ಮೊದಲೇ ತಿಳಿಸಿರಿ.